ಹನ್ನೊಂದು ನಿಮಿಷದ ಗೆರೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಿ, ಕೊಟ್ಟ ಹಾಲು ಕುಡಿದು ಮಲಗುತ್ತಾರೆ. ನಾನು ಮಾತ್ರ ಅದನ್ನೇ ನೌಕರಿ ಮಾಡಿಕೊಂಡಿದ್ದೇನೆ. ಹತ್ತೊಂಬತ್ತು ವರ್ಷಗಳಿಂದ ವಿಮಾನಯಾನದ ಒಂದು ವಾರ್ಷಿಕ ಪುಸ್ತಕಕ್ಕೆ ಕೊನೆಯ ಅಧ್ಯಾಯ ನನ್ನದು. ಹೆಸರು ‘ವರ್ಷದ ಘಟನೆಗಳು’. ಜನವರಿಯಿಂದ ಡಿಸೆಂಬರ್‌ವರೆಗೆ ಪ್ರಪಂಚದಲ್ಲಿ ಯಾರು ಎಲ್ಲಿ ಏನು ಹಾರಿಸಿದರು, ಯಾವ ಹೊಸ ವಿಮಾನ ಮೊದಲ ಸಲ ನೆಲ ಬಿಟ್ಟಿತು, ಯಾವುದು ನೆಲಕ್ಕೆ ಬಿತ್ತು, ಎಲ್ಲವೂ ತಾರೀಖಿನ ಪ್ರಕಾರ. ಎಡ ಪುಟದಲ್ಲಿ ಸಾಧನೆ, ಬಲ ಪುಟದಲ್ಲಿ ಅವಘಡ. ಓದುವವರಿಗೆ ಇದು ಪಟ್ಟಿ. ನನಗೆ ಇದು ಪ್ರತಿ ವರ್ಷ ಪ್ರಪಂಚದ ಜೊತೆ ಆಡುವ ಜಗಳ.

ಆ ವರ್ಷ ಜಗಳಕ್ಕೆ ಬರವಿರಲಿಲ್ಲ. ಮಾರ್ಚ್‌ನಲ್ಲಿ ಎಂಜಿನ್‌ಗಳೆಲ್ಲ ಕೆಟ್ಟ ಪ್ರಯಾಣಿಕ ವಿಮಾನವೊಂದು ನದಿಯ ಮರಳದಂಡೆಯ ಮೇಲೆ ಇಳಿದು ಎಲ್ಲರೂ ಬದುಕಿದರು. ವಿಮಾನದಲ್ಲಿ ಇದ್ದವರು ನೂರಾ ಹನ್ನೆರಡು ಜನ, ಪತ್ರಿಕೆಗಳಿಗೆ ಅನುಭವ ಹೇಳಿಕೊಂಡವರು ನೂರಾ ಮೂವತ್ತು. ಜೂನ್‌ನಲ್ಲಿ ಗಂಡ ಹೆಂಡತಿ ಬಲೂನಿನಲ್ಲಿ ಸಾಗರ ದಾಟಿದೆವು ಎಂದರು. ಆರು ದಿನ ನೀರಿನ ಮೇಲೆ ತೇಲಿದ ಗಂಡನ ಗಡ್ಡ ಫೋಟೋದಲ್ಲಿ ಒಂದು ದಿನದ್ದಷ್ಟೇ ಇತ್ತು. ಬಲೂನಿನಲ್ಲಿ ಕ್ಷೌರ ಹೇಗೆ ಮಾಡಿಕೊಂಡಿರಿ ಎಂದು ವಿನಯದಿಂದಲೇ ಬರೆದೆ. ಉತ್ತರ ಇಂದಿಗೂ ಬಂದಿಲ್ಲ. ಆಗಸ್ಟ್‌ನಲ್ಲಿ ಒಂದು ಕಾರ್ಖಾನೆ ತನ್ನ ಹೊಸ ವಿಮಾನ ಹಾರಿತೆಂದು ಚಿತ್ರ ಕಳಿಸಿತು. ಚಿತ್ರದಲ್ಲಿ ಚಕ್ರದ ನೆರಳು ಚಕ್ರಕ್ಕೇ ಅಂಟಿಕೊಂಡಿತ್ತು. ಅದನ್ನೂ ವಾಪಸ್ ಕಳಿಸಿದೆ.

ನಮ್ಮ ಕಚೇರಿ ಎಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಸಂಪಾದಕರು, ಇನ್ನೊಂದರಲ್ಲಿ ನಾನು ಮತ್ತು ಕಾಗದ. ನವೆಂಬರ್ ಎರಡನೇ ವಾರ ಸಂಪಾದಕರು ತಾವೇ ಎದ್ದು ಬಂದು ನನ್ನ ಮೇಜಿನ ಮೇಲೆ ಒಂದು ದಪ್ಪ ಲಕೋಟೆ ಇಟ್ಟರು.

“ಅಕ್ಟೋಬರ್‌ದು. ಗ್ಲೈಡರ್ ಎತ್ತರದ ದಾಖಲೆ. ಹಾರಿಸಿದವರು ನಿಮ್ಮ ಅಣ್ಣ.”

“ಗೊತ್ತು ಸರ್.”

“ಇದನ್ನ ನಾನೇ ನೋಡ್ಲಾ?”

“ಯಾಕೆ? ಅಣ್ಣ ಅಂತ ಬಿಟ್ಟುಬಿಡ್ತೀನಿ ಅಂದ್ಕೊಂಡ್ರಾ?”

“ಇಲ್ಲಮ್ಮ. ಅಣ್ಣ ಅಂತ ಇನ್ನೂ ಜಾಸ್ತಿ ಹಿಂಡ್ತೀರೇನೋ ಅಂತ ಭಯ.”

ಅವರು ಹೇಳಿದ್ದು ಸುಳ್ಳೇನಲ್ಲ. ಚಿಕ್ಕವಳಿದ್ದಾಗ ಅಣ್ಣ ಬಿಸ್ಕತ್ತು ಮುರಿದು ಅರ್ಧ ಕೊಟ್ಟರೆ, ನಾನು ಅದನ್ನು ಅವನ ಅರ್ಧದ ಪಕ್ಕ ಇಟ್ಟು ನೋಡಿಯೇ ತಿನ್ನುತ್ತಿದ್ದೆ. ಆಗಿನಿಂದ ನಾನು ಅವನಿಗೆ ‘ಅನುಮಾನಮ್ಮ’. ನನ್ನ ಮದುವೆಯ ದಿನವೂ ಹಾಗೇ ಕರೆದ. ಆದರೂ ನನಗೆ ಜ್ವರ ಬಂದರೆ ಮೊದಲು ಓಡಿ ಬರುವವನು ಅವನೇ. ಅವನನ್ನು ಕಂಡರೆ ನನಗೆ ಪ್ರಾಣ. ನಂಬಿಕೆ ಬೇರೆ ವಿಷಯ.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಮೇಲಕ್ಕೆ ಎಳೆದು ಬಿಟ್ಟುಬಿಡುತ್ತದೆ. ಆಮೇಲೆ ಬೆಟ್ಟಕ್ಕೆ ಬಡಿದು ಮೇಲೇಳುವ ಗಾಳಿಯನ್ನು ಹುಡುಕಿ ಏರುವುದು ಹಾರಿಸುವವನ ಜಾಣತನ. ವಾರವೆಲ್ಲ ಕೆಲಸ ಮಾಡಿ ಭಾನುವಾರ ಅಣ್ಣ ಕ್ಲಬ್ಬಿನಲ್ಲಿ ಇದನ್ನು ಕಲಿಸುತ್ತಾನೆ. ಕಲಿಯುವವರು ಮುಂದಿನ ಸೀಟಿನಲ್ಲಿ, ಅವನು ಹಿಂದೆ. ಅಕ್ಟೋಬರ್ ಮೂರನೇ ಭಾನುವಾರ ಒಬ್ಬನೇ ಹಾರಿ ಒಂಬತ್ತು ಸಾವಿರದ ನೂರಾ ನಲವತ್ತು ಮೀಟರ್ ಏರಿದ ಎನ್ನುವುದು ಲಕೋಟೆಯ ಸಾರಾಂಶ. ದೇಶದಲ್ಲಿ ಇಪ್ಪತ್ತಾರು ವರ್ಷದಿಂದ ಯಾರೂ ಮುರಿಯದಿದ್ದ ದಾಖಲೆ ಮುರಿದಿತ್ತು.

ಸಾಕ್ಷಿ ಒಂದು ಕಾಗದ. ಗ್ಲೈಡರ್‌ನೊಳಗೆ ಬ್ಯಾರೋಗ್ರಾಫ್ ಎಂಬ ಪುಟ್ಟ ಪೆಟ್ಟಿಗೆ ಇಡುತ್ತಾರೆ. ಅದರೊಳಗೆ ಗಡಿಯಾರದ ಹಾಗೆ ತಿರುಗುವ ಉರುಳೆ, ಉರುಳೆಗೆ ಸುತ್ತಿದ ಕಾಗದ, ಕಾಗದದ ಮೇಲೆ ಶಾಯಿಯ ಮುಳ್ಳು. ಗಾಳಿ ತೆಳ್ಳಗಾದಂತೆ ಮುಳ್ಳು ಮೇಲೇರುತ್ತದೆ. ಹಾರುವ ಮುಂಚೆ ಕ್ಲಬ್ಬಿನ ವೀಕ್ಷಕರು ಪೆಟ್ಟಿಗೆಗೆ ಸೀಸದ ಮುದ್ರೆ ಹಾಕುತ್ತಾರೆ, ಇಳಿದ ಮೇಲೆ ಅವರೇ ಒಡೆಯುತ್ತಾರೆ.

ಕಾಗದವನ್ನು ಕಿಟಕಿಯ ಬಳಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಗ್ಲೈಡರ್ ಎಳೆಯುವ ಗೆರೆ ಸುಮ್ಮನಿರುವ ಜಾತಿಯದಲ್ಲ. ಹಾರಿಸುವವನ ಕೈ ಹಿಡಿಕೆಯನ್ನು ಸ್ವಲ್ಪ ಎಳೆದರೆ ಏರುತ್ತದೆ, ಸ್ವಲ್ಪ ಬಿಟ್ಟರೆ ಇಳಿಯುತ್ತದೆ, ಸದಾ ನಡುಗುತ್ತಿರುತ್ತದೆ. ಅಣ್ಣನ ಗೆರೆಯೂ ತುದಿಯವರೆಗೆ ಹಾಗೇ ನಡುಗುತ್ತ ಹೋಗಿತ್ತು. ತುದಿ ಮುಟ್ಟಿ ಇಳಿಯಲು ಶುರುವಾದ ಮೇಲೆ, ಹೆಬ್ಬೆರಳ ಉಗುರಿನಷ್ಟು ಅಗಲದಲ್ಲಿ, ಅಡಿಕೋಲು ಇಟ್ಟು ಎಳೆದಂತೆ ನೆಟ್ಟಗಿತ್ತು. ಅಳೆದೆ. ಹನ್ನೊಂದು ನಿಮಿಷ. ನಾಲ್ಕು ಸಾವಿರ ಮೀಟರ್ ಇಳಿತ, ಒಂದು ಕೊಂಕು ಇಲ್ಲ. ಆಮೇಲೆ ಥಟ್ಟನೆ ಒಂದು ದೊಡ್ಡ ಅಲುಗಾಟ, ಮತ್ತೆ ಎಂದಿನ ನಡುಕ.

ಅಂಥ ನೆಟ್ಟನೆ ಗೆರೆ ಎಲ್ಲಿ ಹುಟ್ಟುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ವಿಮಾನದ ಎತ್ತರಮಾಪಕಗಳನ್ನು ಪರೀಕ್ಷಿಸುವ ಕಾರ್ಯಾಗಾರದಲ್ಲಿ ಕಿಟಕಿಯಿರುವ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಉಪಕರಣವನ್ನು ಒಳಗಿಟ್ಟು ಪಂಪಿನಿಂದ ಗಾಳಿ ಹೀರಿದರೆ, ಅದು ತಾನು ಆಕಾಶಕ್ಕೆ ಏರುತ್ತಿದ್ದೇನೆ ಎಂದುಕೊಳ್ಳುತ್ತದೆ. ಕವಾಟ ಒಂದಿಷ್ಟು ತೆರೆದರೆ ಗಾಳಿ ಒಳಬಂದು ಗೆರೆ ನೆಟ್ಟಗೆ ಕೆಳಗಿಳಿಯುತ್ತದೆ. ಮೇಜಿನ ಮುಂದೆ ಕೂತು ಚಹಾ ಕುಡಿಯುತ್ತ ಒಂಬತ್ತು ಸಾವಿರ ಮೀಟರ್ ಏರಿಬರಬಹುದು. ಇಡೀ ಸೀಮೆಗೆ ಅಂಥ ಪೆಟ್ಟಿಗೆ ಇರುವುದು ಒಂದೇ, ಅದನ್ನು ನಡೆಸುವವನು ನನ್ನ ಅಣ್ಣ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಶನಿವಾರ ವೀಕ್ಷಕರ ಮನೆಗೆ ಹೋದೆ. ಅವರು ನಮ್ಮಿಬ್ಬರಿಗೂ ಶಾಲೆಯಲ್ಲಿ ಗಣಿತ ಕಲಿಸಿದ ಮೇಷ್ಟ್ರು. ಮುದ್ರೆ ನೀವೇ ಹಾಕಿದ್ದಾ ಎಂದು ಕೇಳಿದ್ದಕ್ಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ನಾನೇ ಹಾಕಿದ್ದು, ನಾನೇ ಒಡೆದದ್ದು. ನಿನ್ನ ಬುದ್ಧಿ ಇನ್ನೂ ಹೋಗ್ಲಿಲ್ವಲ್ಲೇ. ಪರೀಕ್ಷೇಲಿ ನಾನು ಕೊಟ್ಟ ಮಾರ್ಕ್ಸ್ ಕೂಡ ಮತ್ತೆ ಕೂಡಿ ನೋಡ್ತಿದ್ದೆ.”

“ಎರಡು ಮಾರ್ಕ್ಸ್ ಕಮ್ಮಿ ಕೂಡಿದ್ರಿ ಮೇಷ್ಟ್ರೇ. ಮುದ್ರೆ ಒತ್ತೋ ಇಕ್ಕಳ ಎಲ್ಲಿರುತ್ತೆ?”

“ಕ್ಲಬ್ಬಿನ ಬೀರುವಲ್ಲಿ.”

“ಬೀಗದ ಕೈ?”

ಮೇಷ್ಟ್ರು ಪಂಚೆಯ ಅಂಚು ಸರಿಮಾಡಿಕೊಂಡರು. “ನಿಮ್ಮಣ್ಣನ ಹತ್ರ,” ಎಂದರು.

“ಅವತ್ತು ಏನಾದ್ರೂ ವಿಚಿತ್ರ ಅನ್ನಿಸ್ತಾ?”

“ಏನಿಲ್ಲ. ಇಳಿದ ಮೇಲೆ ಕಾಲು ಗಂಟೆ ಒಳಗೇ ಕೂತಿದ್ದ. ಮುಚ್ಚಳ ತೆಗೀಲಿಲ್ಲ. ನಾವೆಲ್ಲ ಹೊರಗೆ ಚಪ್ಪಾಳೆ ಹೊಡೀತಿದ್ವಿ, ಅವನು ಮುಂದೆ ನೋಡ್ಕೊಂಡು ಕೂತಿದ್ದ. ಸಂತೋಷ ಜಾಸ್ತಿ ಆದ್ರೆ ಹಂಗಾಗುತ್ತಮ್ಮ.”

ಕಾಲು ಗಂಟೆ! ಸೀಸ ಬದಲಿಸಿ ಕಾಗದ ಬದಲಿಸಲು ಕಾಲು ಗಂಟೆ ಧಾರಾಳ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ಯಾವ ಕಡೆಯಿಂದ ಕೂಡಿದರೂ ಅಣ್ಣ ಕಳ್ಳ ಎಂದೇ ಬರುತ್ತಿತ್ತು.

ಸೋಮವಾರ ಅವನ ಕಾರ್ಯಾಗಾರಕ್ಕೆ ಹೋದೆ. ಊಟದ ವೇಳೆ, ಉಳಿದವರು ಹೊರಗಿದ್ದರು. ಅವನು ತೋಳು ಮಡಚಿದ ಅಂಗಿಯಲ್ಲಿ ಕಬ್ಬಿಣದ ಪೆಟ್ಟಿಗೆಯ ಗಾಜು ಒರೆಸುತ್ತಿದ್ದ.

“ಬಾ ಅನುಮಾನಮ್ಮ. ಏನು, ನನ್ನ ಕಾಗದಾನೂ ಬಂತಾ ನಿನ್ನ ಕೋರ್ಟಿಗೆ?” ಎಂದು ನಕ್ಕ.

ನಾನು ಕಾಗದ ಬಿಚ್ಚಿ ನೆಟ್ಟನೆ ಗೆರೆಯ ಮೇಲೆ ಬೆರಳಿಟ್ಟೆ. “ಇದೇನಣ್ಣ?”

ನಗು ಹೋಯಿತು. ಗೆರೆಯನ್ನು ನೋಡಿದ, ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

“ಹೂಂ,” ಎಂದ. “ಇದರಲ್ಲೇ ಮಾಡಿದ್ದು.”

“ಏನು?”

“ಹಾರಿದ್ದು ನಿಜ, ಅಷ್ಟು ಎತ್ತರ ಹೋಗ್ಲಿಲ್ಲ. ಹಿಂದಿನ ದಿನಾನೇ ಇಲ್ಲಿ ಕೂತು ಇನ್ನೊಂದು ಕಾಗದ ಮಾಡಿಟ್ಟಿದ್ದೆ, ಇಳಿದ್ಮೇಲೆ ಒಳಗೇ ಬದಲಿಸ್ದೆ. ಇಕ್ಕಳ ನನ್ನ ಹತ್ರಾನೇ ಇತ್ತಲ್ಲ. ಮೇಷ್ಟ್ರಿಗೆ ಗೊತ್ತಿಲ್ಲ. ತಪ್ಪಾಯ್ತು. ಸುಳ್ಳು ದಾಖಲೆ ಅಂತ ಬರೆದು ವಾಪಸ್ ಕಳಿಸಿಬಿಡು.”

“ಇಷ್ಟು ಸಲೀಸಾಗಿ ಹೇಳ್ತೀಯಲ್ಲೋ! ನಾಚಿಕೆ ಆಗಲ್ವಾ? ಎರಡು ವರ್ಷ ಹಾರೋಕೆ ಬಿಡಲ್ಲ ನಿನ್ನ.”

“ಎರಡು ವರ್ಷ ತಾನೇ,” ಎಂದ.

ಕೂಗಾಡಿದೆ. ಅಪ್ಪ ಅಮ್ಮ ಇದ್ದಿದ್ದರೆ ಎಂದೆಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿ ಅತ್ತೆ. ಗೆದ್ದಿದ್ದೆ, ಆದರೆ ಅಂಥ ಗೆಲುವು ಶತ್ರುವಿಗೂ ಬೇಡ.

ಕಚೇರಿಗೆ ಬಂದು ‘ತಿರಸ್ಕೃತ’ ಎಂಬ ಮುದ್ರೆಯನ್ನು ಕೈಗೆತ್ತಿಕೊಂಡವಳು ಹಾಗೇ ಕೂತೆ. ಬಲೂನಿನ ದಂಪತಿ ಒಪ್ಪಿರಲಿಲ್ಲ. ನೆರಳಿನ ಕಾರ್ಖಾನೆ ವಕೀಲರಿಂದ ಪತ್ರ ಬರೆಸಿತ್ತು. ಹತ್ತೊಂಬತ್ತು ವರ್ಷದಲ್ಲಿ ಸಿಕ್ಕಿಬಿದ್ದ ಒಬ್ಬನೇ ಒಬ್ಬ ಮನುಷ್ಯನೂ ಮೊದಲ ಪ್ರಶ್ನೆಗೇ ಹೌದು ಎಂದಿರಲಿಲ್ಲ. ಹಾಗೆ ಹೌದೆಂದ ಮೊದಲನೆಯವನು ನನ್ನ ಅಣ್ಣ! ಚಿಕ್ಕಂದಿನಲ್ಲಿ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಸಕ್ಕರೆ ಡಬ್ಬ ಮುಟ್ಟೇ ಇಲ್ಲ ಎನ್ನುತ್ತಿದ್ದವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ತಪ್ಪೊಪ್ಪಿಗೆಯನ್ನು ಮಾತ್ರ ಯಾಕೆ ಬಿಡಬೇಕು?

ಲಕೋಟೆಯಲ್ಲಿ ಇನ್ನೊಂದು ಕಾಗದ ಇತ್ತು. ದಾಖಲೆಯ ಹಾರಾಟ ಮುಗಿದ ಮೇಲೆ ಬ್ಯಾರೋಗ್ರಾಫ್ ಸರಿಯಿದೆಯೇ ಎಂದು ಅದೇ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಅಣ್ಣನ ಸಹೋದ್ಯೋಗಿಯೊಬ್ಬ ಹತ್ತು ಸಾವಿರ ಮೀಟರ್‌ವರೆಗೆ ಪರೀಕ್ಷಿಸಿದ ಕಾಗದ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಪರೀಕ್ಷೆಯ ಗೆರೆ ಕೆಳಗಿನಿಂದ ತುದಿಯವರೆಗೆ ಒಂದೇ ದಪ್ಪ, ಒಂದೇ ನೀಲಿ. ಅಣ್ಣನ ಗೆರೆ ಏಳು ಸಾವಿರ ದಾಟಿದ ಮೇಲೆ ತೆಳ್ಳಗಾಗಿತ್ತು, ತುದಿಯಲ್ಲಿ ಅಲ್ಲಲ್ಲಿ ತುಂಡಾಗಿತ್ತು. ಮುಳ್ಳು ಕಾಗದವನ್ನು ಕೆರೆದಿದೆ, ಶಾಯಿ ಇಳಿದಿಲ್ಲ. ಐದು ಸಾವಿರಕ್ಕೆ ಇಳಿದು ಬರುವಾಗ ಮತ್ತೆ ದಪ್ಪ.

ಶಾಯಿ ಚಳಿಗೆ ಹೆಪ್ಪುಗಟ್ಟಿತ್ತು. ಒಂಬತ್ತು ಸಾವಿರ ಮೀಟರ್ ಮೇಲೆ ಮಂಜುಗಡ್ಡೆಗೇ ಚಳಿಯಾಗುವಂಥ ಚಳಿ. ಕಾರ್ಯಾಗಾರದ ಪೆಟ್ಟಿಗೆ ಗಾಳಿ ತೆಗೆಯುತ್ತದೆಯೇ ಹೊರತು ತಣ್ಣಗೆ ಮಾಡುವುದಿಲ್ಲ. ಅಲ್ಲಿ ಅಣ್ಣ ತೋಳು ಮಡಚಿಕೊಂಡು ನಿಂತಿದ್ದನ್ನು ಆಗಷ್ಟೇ ನೋಡಿ ಬಂದಿದ್ದೆ. ಅವನು ನಿಜವಾಗಿ ಅಷ್ಟು ಎತ್ತರ ಏರಿದ್ದ. ಸಂತೋಷಕ್ಕೆ ಎದ್ದು ನಿಂತೆ. ಮರುಕ್ಷಣವೇ ಕೂತೆ. ಕಳ್ಳನಲ್ಲದವನು ಕಳ್ಳ ಎಂದು ಯಾಕೆ ಹೇಳಿಕೊಂಡ?

“ಎರಡು ವರ್ಷ ತಾನೇ.”

ನಿಯಮದ ಪುಸ್ತಕ ತೆಗೆದೆ. ಸುಳ್ಳು ದಾಖಲೆಗೆ ಎರಡು ವರ್ಷ ನಿಷೇಧ. ಪುಟ ಮಗುಚಿದೆ. ವೈದ್ಯಕೀಯ ನಿಯಮಗಳು. ಸರಿಯಾದ ಕಾರಣ ತಿಳಿಯದೆ ಹಾರಾಟದಲ್ಲಿ ಎಚ್ಚರ ತಪ್ಪಿದವರ ಪರವಾನಗಿ ರದ್ದು, ಮತ್ತೆ ಕೊಡತಕ್ಕದ್ದಲ್ಲ. ಹನ್ನೊಂದು ನಿಮಿಷದ ಗೆರೆಯನ್ನು ಮತ್ತೆ ನೋಡಿದೆ. ಕೈ ಇದ್ದಷ್ಟು ಹೊತ್ತೂ ಗೆರೆ ನಡುಗುತ್ತದೆ. ಆ ಹನ್ನೊಂದು ನಿಮಿಷ ಅಲ್ಲಿ ಕೈ ಇರಲಿಲ್ಲ. ಆಮ್ಲಜನಕ ಕೈಕೊಟ್ಟಿತೇನೋ ಎಂದು ಲಕೋಟೆಯಲ್ಲಿದ್ದ ಮೇಷ್ಟ್ರ ವರದಿಯನ್ನು ತಡಕಾಡಿದೆ. ಕೈಕೊಟ್ಟಿದ್ದರೆ ಸಾಕಪ್ಪ ಎಂದು ಬೇಡಿಕೊಳ್ಳುತ್ತಲೇ ಓದಿದೆ. ‘ಸಿಲಿಂಡರ್ ಅರ್ಧ ಬಾಕಿ, ಕೊಳವೆ, ಮುಖವಾಡ ಸರಿ ಇವೆ’ ಎಂದಿತ್ತು.

ಫೋನ್ ಮಾಡಿದರೆ ಅವನಿಗೆ ಇನ್ನೊಂದು ಸುಳ್ಳು ಹೊಸೆಯಲು ಸಮಯ ಸಿಗುತ್ತದೆ ಎಂದು ಮಾಡಲಿಲ್ಲ. ಉಳಿದ ವಾರವೆಲ್ಲ ಅವನು ಊರೂರು ತಿರುಗುವ ಕೆಲಸದ ಮೇಲಿದ್ದ. ಭಾನುವಾರ ಬೆಳಿಗ್ಗೆ ಮನೆಗೇ ಹೋದೆ. ಅವನು ಸ್ನಾನಕ್ಕೆ ಹೋಗಿದ್ದ. ಅತ್ತಿಗೆ ಬಟ್ಟೆ ಮಡಚುತ್ತಿದ್ದರು.

“ಅತ್ತಿಗೆ, ಅಣ್ಣ ಒಂದೊಂದ್ಸಲ ಹಂಗೇ ಕೂತುಬಿಡ್ತಾನಾ? ಕರೆದ್ರೂ ಕೇಳ್ಸದ ಹಾಗೆ?”

“ಅಯ್ಯೋ, ನಿನಗೂ ಹೇಳಿದ್ರಾ? ಹೋದ ತಿಂಗಳು ಚಹಾ ಲೋಟ ಕೈಯಲ್ಲಿ ಹಿಡಕೊಂಡು ಕೂತಿದ್ರು. ಲೋಟ ವಾಲಿ ಬಿಸಿ ಚಹಾ ತೊಡೆ ಮೇಲೆ ಸುರೀತು, ಮೈಮೇಲೆ ಎಚ್ಚರಾನೇ ಇಲ್ಲ. ಏನ್ರೀ ಅಂದ್ರೆ, ಗಾಳಿ ಬಗ್ಗೆ ಯೋಚನೆ ಮಾಡ್ತಿದ್ದೆ ಅಂದ್ರು. ಇವರಿಗೆ ಗ್ಲೈಡರ್ ಹುಚ್ಚು ತಲೆಗೇರಿದೆ ಅಂತ ನಾನೂ ನಕ್ಕೆ.”

ಬಾಗಿಲಲ್ಲಿ ಅಣ್ಣ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ನಾನು ಎರಡು ಕಾಗದವನ್ನೂ ಮೇಜಿನ ಮೇಲೆ ಹರಡಿದೆ.

“ಶಾಯಿ ಹೆಪ್ಪುಗಟ್ಟಿದೆ. ನೀನು ಮೇಲೇ ಇದ್ದೆ.”

ಅವನು ತಲೆ ಒರೆಸಿಕೊಳ್ಳುತ್ತಿದ್ದ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಿ ಕೂತ.

“ಎಷ್ಟು ಸಲ ಆಗಿದೆಯೋ ಅಣ್ಣ?”

“ಮೂರು. ನನಗೆ ಗೊತ್ತಾಗಿದ್ದು ಮೂರು,” ಎಂದ. “ಅವತ್ತು ಇಳಿಯೋಣ ಅಂತ ರೆಕ್ಕೆ ಮೇಲಿನ ಬ್ರೇಕು ತೆಗೆದಿದ್ದು ನೆನಪಿದೆ. ಆಮೇಲೆ ನೋಡಿದ್ರೆ ಕೆರೆ ಕಾಣ್ತಿದೆ, ಇಷ್ಟು ದೊಡ್ಡದಾಗಿ. ನಡುವೆ ಏನೂ ಇಲ್ಲ. ಅದರ ಪಾಡಿಗೆ ಅದು ಇಳಿದಿದೆ.”

ಅತ್ತಿಗೆ ಕೈಯಲ್ಲಿದ್ದ ಬಟ್ಟೆ ಹಿಡಿದು ಹಾಗೇ ನಿಂತರು.

“ನೀನು ನನ್ನನ್ನ ಕಳ್ಳ ಅಂತಾನೇ ಬರಿ,” ಎಂದ ಅಣ್ಣ. “ಕಾಲಿಗೆ ಬೀಳ್ತೀನಿ. ಎರಡು ವರ್ಷ ತಲೆ ಬಗ್ಗಿಸ್ಕೊಂಡು ಓಡಾಡ್ತೀನಿ. ಆಮೇಲೆ ಮತ್ತೆ ಹಾರ್ತೀನಿ. ಔಷಧಿ ತಗೋತೀನಿ, ಒಬ್ಬನೇ ಹಾರ್ತೀನಿ. ಯಾರನ್ನೂ ಕೂರಿಸಲ್ಲ.”

“ಇವತ್ತು ಮಧ್ಯಾಹ್ನ ಪಾಠಕ್ಕೆ ಯಾರಿದ್ದಾರೆ?”

ಟವೆಲ್ಲನ್ನು ಮತ್ತೆ ಕೈಗೆತ್ತಿಕೊಂಡ.

“ಅಣ್ಣ, ಇವತ್ತು ಮುಂದಿನ ಸೀಟಲ್ಲಿ ಯಾರು?”

“ಅಂಚೆ ಕಚೇರಿಯಾಕೆ. ಮೂರನೇ ಪಾಠ.”

“ಅಕ್ಟೋಬರ್ ಆದ್ಮೇಲೆ ಎಷ್ಟು ಜನರನ್ನ ಕರ್ಕೊಂಡು ಹೋಗಿದ್ದೀಯ?”

ಅತ್ತಿಗೆ ಬಟ್ಟೆಯನ್ನು ಅಲ್ಲೇ ಬಿಟ್ಟು ಫೋನಿನ ಹತ್ತಿರ ಹೋದರು. ಕ್ಲಬ್ಬಿಗೆ ಹಚ್ಚಿ, “ಇವತ್ತು ಅವರು ಬರಲ್ಲ. ಇನ್ನು ಮೇಲೂ ಬರಲ್ಲ, ಬೇರೆಯವರನ್ನ ನೋಡ್ಕೊಳಿ,” ಎಂದು ಇಟ್ಟುಬಿಟ್ಟರು.

ಅಣ್ಣ ನನ್ನ ಕಡೆ ನೋಡಿದ. ಕೋಪ ಇದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ.

“ಹುಟ್ಟಿದಾಗಿನಿಂದ ನೀನು ನನ್ನ ಒಂದು ಮಾತೂ ನಂಬಿಲ್ಲ. ಇದೊಂದನ್ನ ನಂಬಿಬಿಟ್ಟಿದ್ರೆ ಏನಾಗ್ತಿತ್ತೇ?”

ಕಾಗದಗಳನ್ನು ಮಡಚಿಕೊಂಡು ಬಂದೆ.

ಬುಧವಾರ ಅತ್ತಿಗೆ ಕಚೇರಿಗೆ ಬಂದು ಒಂದು ಚೀಟಿ ಕೊಟ್ಟರು. ‘ಹನ್ನೊಂದು ನಿಮಿಷ ನನಗೆ ಏನೂ ನೆನಪಿಲ್ಲ. ಉಪಕರಣಗಳೆಲ್ಲ ಸರಿ ಇದ್ದವು.’ ಕೆಳಗೆ ಅವನ ಸಹಿ. ಅದನ್ನೇ ಇನ್ನೊಂದು ಪ್ರತಿ ಬರೆದು ಪರವಾನಗಿ ನೋಡಿಕೊಳ್ಳುವ ವೈದ್ಯರ ಮಂಡಳಿಗೂ ಕಳಿಸಿದ್ದಾನೆ ಎಂದರು. ನಾನು ಮಂಡಳಿಗೆ ಫೋನ್ ಮಾಡಿ ಅದು ನಿಜವಾಗಿ ತಲುಪಿದೆಯೇ ಎಂದು ಕೇಳಿದೆ. ತಲುಪಿತ್ತು. ಕೇಳಿದ್ದಕ್ಕೆ ನನಗೇ ನನ್ನ ಮೇಲೆ ಅಸಹ್ಯವಾಯಿತು, ಆದರೂ ಕೇಳಿದೆ.

ಆ ವರ್ಷದ ಪುಸ್ತಕದಲ್ಲಿ ಒಂದೇ ಹಾರಾಟ ಎರಡು ಕಡೆ ಅಚ್ಚಾಯಿತು. ಎಡ ಪುಟದಲ್ಲಿ ಎತ್ತರದ ದಾಖಲೆ. ಬಲ ಪುಟದಲ್ಲಿ, ಅದೇ ತಾರೀಖಿನ ಎದುರು, ‘ಗ್ಲೈಡರ್ ಚಾಲಕನಿಗೆ ಹನ್ನೊಂದು ನಿಮಿಷ ಎಚ್ಚರ ತಪ್ಪಿತು, ಯಾರಿಗೂ ಗಾಯವಿಲ್ಲ.’ ಸಂಪಾದಕರು ಕರಡು ಓದಿ ಕನ್ನಡಕ ತೆಗೆದರು. ತಮಾಷೆ ಮಾಡಲಿಲ್ಲ. ಪರವಾನಗಿ ರದ್ದಾದ ಪತ್ರ ಜನವರಿಯಲ್ಲಿ ಅವನಿಗೆ ಹೋಯಿತು. ನನ್ನ ಜೊತೆ ಮಾತು ಅದಕ್ಕೂ ಮೊದಲೇ ನಿಂತಿತ್ತು. ಫೆಬ್ರವರಿಯಲ್ಲಿ ನನಗೆ ಜ್ವರ ಬಂದಾಗ ಅತ್ತಿಗೆ ಒಬ್ಬರೇ ಬಂದರು. ಇಡೀ ದಿನ ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗಿದ್ದೆ.

ಭಾನುವಾರಗಳಲ್ಲಿ ಅವನು ಈಗಲೂ ಮೈದಾನಕ್ಕೆ ಹೋಗುತ್ತಾನೆ ಎಂದು ಮೇಷ್ಟ್ರು ಹೇಳಿದರು. ಗ್ಲೈಡರ್ ಹೊರಡುವಾಗ ಒಬ್ಬರು ರೆಕ್ಕೆಯ ತುದಿ ಹಿಡಿದು, ಅದು ವಾಲದಂತೆ ಜೊತೆಯಲ್ಲಿ ಓಡಬೇಕು. ಆ ಕೆಲಸ ಮಾಡುತ್ತಾನಂತೆ. ಮೇಷ್ಟ್ರ ಮಾತನ್ನು ಅಷ್ಟಕ್ಕೇ ಬಿಡಬಹುದಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಹೋಗಿ ಬೇಲಿಯ ಹೊರಗೆ ನಿಂತೆ.

ಅಂಚೆ ಕಚೇರಿಯಾಕೆ ಮುಂದಿನ ಸೀಟಿನಲ್ಲಿದ್ದರು, ಹಿಂದೆ ಹೊಸ ಶಿಕ್ಷಕ. ಅಣ್ಣ ರೆಕ್ಕೆಯ ತುದಿ ಎತ್ತಿ ಹಿಡಿದ. ಹಗ್ಗ ಬಿಗಿಯಾಯಿತು. ಗ್ಲೈಡರ್ ಜೊತೆ ಹತ್ತು ಹೆಜ್ಜೆ, ಹದಿನೈದು ಹೆಜ್ಜೆ ಓಡಿದ, ಆಮೇಲೆ ಕೈ ಬಿಟ್ಟ. ಅದು ಹೋಯಿತು. ಅವನು ಏದುಸಿರು ಬಿಡುತ್ತ ಹುಲ್ಲಿನ ಮೇಲೆ ನಿಂತು, ಅದು ಚಿಕ್ಕದಾಗುವವರೆಗೂ ನೋಡುತ್ತಿದ್ದ. ತಿರುಗಿದಾಗ ನಾನು ಅವನ ಕಣ್ಣಿಗೆ ಬಿದ್ದೆ. ನಿಧಾನವಾಗಿ ಬೇಲಿಯ ಹತ್ತಿರ ಬಂದ. ಐದು ತಿಂಗಳ ಮೇಲೆ ಅವನ ಧ್ವನಿ ಕೇಳಿದೆ.

“ನೋಡೋಕೆ ಬಂದ್ಯಾ? ಕದ್ದು ಹತ್ತಿದ್ದೀನೇನೋ ಅಂತ?”

“ಇಲ್ಲಣ್ಣ. ನಿನ್ನ ನೋಡ್ಬೇಕು ಅನ್ನಿಸ್ತು, ಬಂದೆ.”

ಅವನು ತಂತಿಯ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡಿದ. ಅದು ಅರ್ಧ ಮಾತ್ರ ನಿಜ ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಾಯಿತು.

“ಸರಿ,” ಎಂದ. “ನಂಬಿದೆ.”